ಮನೆ ಮೀರಿದ ಅಕ್ಷರಗಳು

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ಈಗ ವಿಶ್ರಾಂತಿಯಲ್ಲಿರುವ ನಾನು ಯಂತ್ರಶಾಸ್ತ್ರದ ವಿಷಯವಾಗಿ ಲೇಖನಿಯನ್ನು ಹಿಡಿದುದನ್ನು ಕಂಡು ವಾಚಕರು ನಕ್ಕರೂ ನಗಬಹುದು. ಶಬ್ದರೂಪಗಳನ್ನೂ ಸಂಧಿಸಮಾಸಗಳನ್ನೂ ಪಾಠ ಹೇಳಿದವನಿಗೆ ಕಂಪ್ಯೂಟರಿನ ಒಳಗುಟ್ಟು ಏತಕ್ಕೆ? ಆದರೆ ಈ ವಿಷಯದ ಮೊದಲ ಪಾಠವನ್ನು ನಾನು ಕಂಪ್ಯೂಟರನ್ನು ಕಣ್ಣಾರೆ ಕಾಣುವುದಕ್ಕೆ ಮುಂಚೆಯೇ, ಒಂದು ಕಾಗದದ ಮೇಲೆ, ನನ್ನದೇ ತಪ್ಪಿನಿಂದ ಕಲಿತೆನು. ಅದನ್ನು ಮೊದಲು ಹೇಳಿ ಆಮೇಲೆ ಪ್ರಕೃತ ವಿಷಯಕ್ಕೆ ಬರುವೆನು.

೧೯೯೪ರಲ್ಲಿ ನಾನಿದ್ದ ಹಳ್ಳಿಯ ಶಾಲೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿಗೆ ವಿದ್ಯಾರ್ಥಿವೇತನವು ದೊರೆಯುವ ಸಂಭವವಿತ್ತು. ತಂದೆ ಕೂಲಿಯವನು, ಓದುಬರಹ ಬಲ್ಲವನಲ್ಲ. ಆದಕಾರಣ ಅರ್ಜಿಯನ್ನು ನಾನೇ ತುಂಬಿದೆನು. ಹೆಸರನ್ನು ಬರೆಯುವುದಕ್ಕೆ ಅದರಲ್ಲಿ ಇಪ್ಪತ್ತು ಚಿಕ್ಕ ಮನೆಗಳಿದ್ದುವು; ಮನೆಗೊಂದು ಇಂಗ್ಲಿಷ್ ಅಕ್ಷರ. ಅವುಗಳಿಗೆ ತಗುಲಿಕೊಂಡಂತೆಯೇ ಇನ್ನು ಮೂರು ಮನೆಗಳಿದ್ದುವು. ಅವು ವಿದ್ಯಾರ್ಥಿಯ ವರ್ಗಸಂಖ್ಯೆಗೆ ಮೀಸಲಾದುವು. ಹುಡುಗಿಯ ಹೆಸರು ತಂದೆಯ ಹೆಸರಿನೊಡನೆ ಸೇರಿ ಇಪ್ಪತ್ತಮೂರು ಅಕ್ಷರ. ನಾನು ಎಣಿಸಲಿಲ್ಲ. ಬರೆಯುತ್ತ ಹೋದೆನು, ಕಡೆಯ ಮೂರು ಅಕ್ಷರಗಳು ನೆರೆಮನೆಯಲ್ಲಿ ಹೋಗಿ ಕುಳಿತುವು. ವರ್ಗಸಂಖ್ಯೆಯನ್ನು ಅವುಗಳ ನೆತ್ತಿಯ ಮೇಲೆ ಸಣ್ಣದಾಗಿ ಬರೆದು, ಓದುವವರು ತಿಳಿದುಕೊಳ್ಳುವರೆಂದು ಕಳುಹಿಸಿಬಿಟ್ಟೆನು.

ಓದಿದವರು ತಿಳಿದುಕೊಳ್ಳಲಿಲ್ಲ. ಆ ಮೂರು ಮನೆಗಳಲ್ಲಿ ಏನಿದೆಯೋ ಅದೇ ವರ್ಗಸಂಖ್ಯೆಯೆಂದು ಭಾವಿಸಿದರು. ಅಂಥ ವರ್ಗವೇ ಇಲ್ಲವಾದುದರಿಂದ ಅರ್ಜಿಯು ತಿರಸ್ಕೃತವಾಯಿತು. ನಾನು ಮೂರು ಸಲ ತಿರುಗಾಡಿ ತಪ್ಪನ್ನು ತಿದ್ದಿಸುವ ವೇಳೆಗೆ ವರ್ಷವೇ ಮುಗಿದಿತ್ತು. ಆ ವರ್ಷದ ಹಣವು ಆ ಮಗುವಿಗೆ ಬರಲೇ ಇಲ್ಲ. ಅವಳ ತಂದೆ ನನ್ನ ಮುಂದೆ ಕೈಕಟ್ಟಿ ನಿಂತು, “ಇಷ್ಟುದ್ದದ ಹೆಸರನ್ನಿಟ್ಟದ್ದು ನಮ್ಮದೇ ತಪ್ಪು, ಸ್ವಾಮಿ” ಎಂದನು. ಆ ಮಾತು ಈಗಲೂ ನನ್ನ ಎದೆಯಲ್ಲಿ ಮುಳ್ಳಿನಂತಿದೆ. ಹೆಸರು ಉದ್ದವಾಗಿದ್ದುದು ತಪ್ಪಲ್ಲ. ಮನೆಗಳನ್ನೆಣಿಸದೆ ಬರೆದುದು ತಪ್ಪು.

ಕಳೆದ ದಸರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಅವನು ಬೆಂಗಳೂರಿನಲ್ಲಿ ಯಂತ್ರಸಾಧನಗಳಿಗೆ ‘ಡ್ರೈವರು’ಗಳನ್ನು ಬರೆಯುವ ಕೆಲಸದಲ್ಲಿರುವನು. ಅವನ ಕಸುಬಿನಲ್ಲಿ ಅತ್ಯಂತ ಭಯಂಕರವಾದ ತಪ್ಪು ಯಾವುದೆಂದು ಕೇಳಿದೆನು. ಅವನು ಕೊಟ್ಟ ಉತ್ತರವನ್ನು ಕೇಳಿ ನನಗೆ ಆ ಅರ್ಜಿಯ ಕಾಗದವೇ ಕಣ್ಣಮುಂದೆ ಬಂದಿತು. ಆ ಬಳಿಕ ಅವನಿಂದಲೂ ಓದಿನಿಂದಲೂ ಸಂಗ್ರಹಿಸಿದುದನ್ನು ಗೃಹಸ್ಥರ ಉಪಯೋಗಕ್ಕೆಂದು ಇಲ್ಲಿ ನಿರೂಪಿಸುವೆನು.

ಕಂಪ್ಯೂಟರಿನ ಸ್ಮೃತಿಯೆಂಬುದು ಸಾಲಾಗಿ ಜೋಡಿಸಿದ ಕೋಟ್ಯಂತರ ಮನೆಗಳ ಒಂದು ಬೀದಿ. ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯುಂಟು. ಪ್ರತಿಯೊಂದು ಮನೆಯಲ್ಲಿಯೂ ೦ಯಿಂದ ೨೫೫ರವರೆಗಿನ ಯಾವುದಾದರೊಂದು ಅಂಕವು ವಾಸಮಾಡುವುದು. ಈ ಮನೆಗೆ ‘ಬೈಟು’ ಎಂದು ಹೆಸರು. ಅಕ್ಷರವಾಗಲಿ, ಚಿತ್ರವಾಗಲಿ, ಸಂಗೀತವಾಗಲಿ, ಯಂತ್ರವು ಮುಂದೆ ಮಾಡಬೇಕಾದ ಕೆಲಸದ ಆಜ್ಞೆಯೇ ಆಗಲಿ, ಎಲ್ಲವೂ ಅಲ್ಲಿ ಅಂಕಗಳ ವೇಷದಲ್ಲಿಯೇ ಇರುವುದು. ಮನೆಗಳ ನಡುವೆ ಗೋಡೆಯಿಲ್ಲ. ಒಂದು ಮನೆಯಲ್ಲಿ ಹೆಸರಿದ್ದು ಅದರ ಪಕ್ಕದಲ್ಲಿಯೇ ಒಂದು ಆಜ್ಞೆಯ ವಿಳಾಸವಿದ್ದರೆ, ಹೆಸರು ಎಲ್ಲಿ ಮುಗಿಯಿತು, ವಿಳಾಸವು ಎಲ್ಲಿ ಮೊದಲಾಯಿತು ಎಂಬುದು ಬರೆದವನ ಲೆಕ್ಕದಲ್ಲಿ ಮಾತ್ರ ಇರತಕ್ಕುದು.

‘ಬಫರು’ ಎಂದರೆ ತಾತ್ಕಾಲಿಕವಾದ ಪಾತ್ರೆ. ಪ್ರಿಂಟರು, ಕ್ಯಾಮರ, ಕೀಲಿಮಣೆ ಮೊದಲಾದ ಸಾಧನಗಳು ತಮ್ಮ ತಮ್ಮ ವೇಗದಲ್ಲಿ ಕೆಲಸಮಾಡುವುವು. ಯಂತ್ರದ ಮಿದುಳು ತನ್ನದೇ ವೇಗದಲ್ಲಿ ಓಡುವುದು. ಕಾಲುವೆಯ ನೀರನ್ನು ಗದ್ದೆಗೆ ಬಿಡುವ ಮುನ್ನ ತೊಟ್ಟಿಯಲ್ಲಿ ನಿಲ್ಲಿಸುವಂತೆ, ಒಂದರಿಂದ ಬಂದುದನ್ನು ಇನ್ನೊಂದು ತೆಗೆದುಕೊಳ್ಳುವವರೆಗೆ ಹಿಡಿದಿಡುವುದಕ್ಕೆ ಸ್ಮೃತಿಯ ಕೆಲವು ಮನೆಗಳನ್ನು ಮೀಸಲಿಡಬೇಕಾಗುವುದು. ಅದೇ ಬಫರು. ಇನ್ನು ಡ್ರೈವರೆಂದರೆ ಬಂಡಿಯ ಸಾರಥಿಯಲ್ಲ; ಸಾಧನದ ಭಾಷೆಯನ್ನು ಯಂತ್ರಕ್ಕೂ ಯಂತ್ರದ ಭಾಷೆಯನ್ನು ಸಾಧನಕ್ಕೂ ತಿಳಿಸುವ ದುಭಾಷಿ. ಈ ದುಭಾಷಿಯು ಕುಳಿತುಕೊಳ್ಳುವ ಸ್ಥಾನವನ್ನು ಮುಖ್ಯವಾಗಿ ಗಮನಿಸಬೇಕು. ನಾವು ಪತ್ರ ಬರೆಯುವ, ಲೆಕ್ಕವಿಡುವ ಸಾಧಾರಣ ಪ್ರೋಗ್ರಾಮುಗಳು ದೇವಾಲಯದ ಮುಖಮಂಟಪದಲ್ಲಿ ಕುಳಿತವರಂತೆ. ಅವರಲ್ಲೊಬ್ಬನು ಎಡವಿದರೆ ಅವನೊಬ್ಬನನ್ನು ಹೊರಗೆ ಕಳುಹಿಸಿದರಾಯಿತು. ಆದರೆ ಬಹುಪಾಲು ಡ್ರೈವರುಗಳು ಇರುವುದು ‘ಕರ್ನಲ್’ ಎಂಬ ಗರ್ಭಗುಡಿಯಲ್ಲಿ. ಅಲ್ಲಿ ಎಡವಿದವನ ಕೈಯಿಂದ ದೀಪವು ಉರುಳಿದರೆ ಇಡೀ ಗುಡಿಗೇ ಅಪಾಯ.

ಇಂಥ ಡ್ರೈವರುಗಳಲ್ಲಿ ಬಹುಪಾಲನ್ನು ‘ಸಿ’ ಎಂಬ ಭಾಷೆಯಲ್ಲಿ ಬರೆದಿರುವರು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬ ವಿದ್ವಾಂಸರು ೧೯೭೨ರ ಸುಮಾರಿಗೆ ಈ ಭಾಷೆಯನ್ನು ರೂಪಿಸಿದರು. ಅದು ಸಂಕ್ಷಿಪ್ತ, ಶೀಘ್ರಗಾಮಿ, ಯಂತ್ರಕ್ಕೆ ಬಹು ಸಮೀಪವಾದುದು. ಆದರೆ ಅದು ಬರೆಯುವವನನ್ನು ಸಂಪೂರ್ಣವಾಗಿ ನಂಬುವುದು. ಇಪ್ಪತ್ತು ಮನೆಗಳನ್ನು ಮೀಸಲಿಟ್ಟು ಇಪ್ಪತ್ತಮೂರನ್ನು ಬರೆ ಎಂದರೆ, ಸಾಮಾನ್ಯವಾಗಿ ತಡೆಯದೆ ಬರೆದುಬಿಡುವುದು. ಅಲ್ಲದೆ ಈ ಭಾಷೆಯಲ್ಲಿ ಒಂದು ಅಕ್ಷರಮಾಲೆಯ ಉದ್ದವನ್ನು ಪ್ರತ್ಯೇಕವಾಗಿ ಬರೆದಿಡುವ ಪದ್ಧತಿಯಿಲ್ಲ, ಕೊನೆಯಲ್ಲೊಂದು ಸೊನ್ನೆಯನ್ನಿಡುವರು. ‘ಸೊನ್ನೆ ಸಿಕ್ಕುವವರೆಗೆ ನಕಲುಮಾಡು’ ಎಂಬುದು ಅದರ ಒಂದು ಹಳೆಯ ಆಜ್ಞೆ. ಸೊನ್ನೆಯು ದೂರದಲ್ಲಿದ್ದರೆ ನಕಲು ಮುಗಿಯುವುದೂ ದೂರದಲ್ಲಿಯೇ. ಪಾತ್ರೆ ಎಷ್ಟು ದೊಡ್ಡದೆಂದು ಅದು ಕೇಳುವುದೇ ಇಲ್ಲ.

ಇದರ ಫಲವನ್ನು ಜಗತ್ತು ಮೊದಲು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದುದು ೧೯೮೮ರ ನವೆಂಬರು ೨ರಂದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿಯು ಹರಿಯಬಿಟ್ಟ ಒಂದು ಪ್ರೋಗ್ರಾಮು ಸಹಸ್ರಾರು ಯಂತ್ರಗಳನ್ನು ಹೊಕ್ಕಿತು. ಅದು ಹೊಕ್ಕ ಬಾಗಿಲುಗಳಲ್ಲೊಂದು ಇಂಥ ಪಾತ್ರೆಯೇ ಆಗಿದ್ದಿತು. ‘ಫಿಂಗರ್’ ಎಂಬ ಸೇವಕಪ್ರೋಗ್ರಾಮು ಹೊರಗಿನಿಂದ ಬರುವ ಪ್ರಶ್ನೆಗೆಂದು ೫೧೨ ಮನೆಗಳನ್ನು ಮೀಸಲಿಟ್ಟಿತ್ತು. ಆಗಂತುಕನು ೫೩೬ ಅಕ್ಷರಗಳನ್ನು ಸುರಿದನು. ಹೆಚ್ಚಾದ ಅಕ್ಷರಗಳು ಪಕ್ಕದಲ್ಲಿದ್ದ ‘ಮುಂದೆ ಎಲ್ಲಿಗೆ ಹೋಗಬೇಕು’ ಎಂಬ ವಿಳಾಸವನ್ನು ಅಳಿಸಿ, ಅಲ್ಲಿ ಆಗಂತುಕನ ವಿಳಾಸವನ್ನೇ ಬರೆದುವು. ಯಜಮಾನನ ಮನೆಯ ಆಳು ಕಳ್ಳನ ಆಜ್ಞೆಯನ್ನು ಪಾಲಿಸಿದಂತಾಯಿತು. ಈ ಅನರ್ಥಕ್ಕೆ ಎಡೆಗೊಟ್ಟ ‘ಗೆಟ್ಸ್’ ಎಂಬ ಆಜ್ಞೆಯನ್ನು ೨೦೧೧ರಲ್ಲಿ ಆ ಭಾಷೆಯ ಶಾಸ್ತ್ರದಿಂದಲೇ ಬಹಿಷ್ಕರಿಸಿದರು.

ಅದು ಮುಖಮಂಟಪದಲ್ಲಿ ನಡೆದ ಕಥೆ. ಗರ್ಭಗುಡಿಯಲ್ಲಿ ನಡೆದುದಕ್ಕೆ ೨೦೧೧ರಲ್ಲಿ ಬೆಳಕಿಗೆ ಬಂದ ಇನ್ನೊಂದು ದೋಷವನ್ನು ಹೇಳುವೆನು. ನಾವು ಯು.ಎಸ್.ಬಿ. ತಂತಿಯಿಂದ ಒಂದು ಸಾಧನವನ್ನು ಕಂಪ್ಯೂಟರಿಗೆ ತಗುಲಿಸಿದೊಡನೆಯೆ ಆ ಸಾಧನವು ‘ನಾನು ಇಂಥವನು’ ಎಂದು ತನ್ನ ಹೆಸರನ್ನು ತಿಳಿಸುವುದುಂಟು. ಲೈನಕ್ಸ್ ಎಂಬ ವ್ಯವಸ್ಥೆಯಲ್ಲಿ ಸಂಗೀತದ ಕೆಲವು ಸಾಧನಗಳಿಗಾಗಿ ಬರೆದ ‘ಕೈಯಾಕ್’ ಎಂಬ ಡ್ರೈವರು ಆ ಹೆಸರನ್ನು ೮೦ ಮನೆಗಳ ಒಂದು ಪಾತ್ರೆಗೆ ಸೊನ್ನೆ ಸಿಕ್ಕುವವರೆಗೆ ನಕಲುಮಾಡುತ್ತಿತ್ತು. ನಿಜವಾದ ಸಾಧನಗಳ ಹೆಸರುಗಳು ಚಿಕ್ಕವಾದುದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಆ ಸಾಧನದ ವೇಷವನ್ನು ತೊಟ್ಟು ಎಂಬತ್ತಕ್ಕೂ ಮಿಕ್ಕ ಅಕ್ಷರಗಳ ಹೆಸರನ್ನು ಹೇಳುವ ಒಂದು ಕೃತ್ರಿಮ ಸಾಧನವನ್ನು ಯಾರಾದರೂ ಮಾಡಿ ತಗುಲಿಸಿದರೆ? ಆಗ ಗರ್ಭಗುಡಿಯ ಸ್ಮೃತಿಯೇ ಕೆಡುವುದು. ಯಂತ್ರವು ನಿಲ್ಲಬಹುದು, ಇಲ್ಲವೆ ಅನ್ಯರ ವಶವಾಗಬಹುದು. ಹೆಸರು ಉದ್ದವಾದರೆ ಕೆಡುಕು! ನನ್ನ ವಿದ್ಯಾರ್ಥಿನಿಯ ಅರ್ಜಿಗೂ ಇದಕ್ಕೂ ಏನು ಭೇದ? ಪರಿಹಾರವೂ ಬಹು ಸರಳವಾದುದೇ: ‘ನಕಲುಮಾಡು’ ಎಂಬ ಆಜ್ಞೆಯ ಸ್ಥಾನದಲ್ಲಿ ‘ಪಾತ್ರೆಯ ಅಳತೆಯನ್ನು ಮೀರದಂತೆ ನಕಲುಮಾಡು’ ಎಂಬುದನ್ನಿಟ್ಟರು.

ಅಳತೆ ಮೀರಿ ಬರೆಯುವುದು ಮಾತ್ರವಲ್ಲ, ಅಳತೆ ಮೀರಿ ಓದುವುದೂ ಅನರ್ಥಕಾರಿಯೇ. ೨೦೨೪ರ ಜುಲೈ ೧೯, ಶುಕ್ರವಾರದ ದಿನವನ್ನು ಅನೇಕ ವಾಚಕರು ಮರೆತಿರಲಾರರು. ಅಂದು ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಯಂತ್ರಗಳ ಮುಖವು ನೀಲಿಯಾಗಿ ಸ್ತಬ್ಧವಾಗಿ, ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಗಿ ಬಂದಿತು. ಪರದೇಶಗಳಲ್ಲಿ ಕೆಲವು ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಿದುವು. ಇದು ಯಾವ ಶತ್ರುವಿನ ಕೃತ್ಯವೂ ಅಲ್ಲ. ಯಂತ್ರಗಳನ್ನು ಕಾಯುವುದಕ್ಕೆಂದೇ ಗರ್ಭಗುಡಿಯಲ್ಲಿ ಕುಳ್ಳಿರಿಸಿದ್ದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಡ್ರೈವರೊಂದು ಎಡವಿದುದರ ಫಲ.

ನಡೆದುದಿಷ್ಟು. ಅಪಾಯದ ಲಕ್ಷಣಗಳನ್ನು ವಿವರಿಸುವ ಒಂದು ಪತ್ರವನ್ನು ಆ ಸಂಸ್ಥೆಯು ಆಗಾಗ ತನ್ನ ಕಾವಲುಗಾರನಿಗೆ ಕಳುಹಿಸುತ್ತಿತ್ತು. ಆ ಪತ್ರದ ನಮೂನೆಯಲ್ಲಿ ೨೧ ಅಂಶಗಳಿರಬಹುದೆಂದು ನಿಯಮಮಾಡಿದ್ದರು. ಆದರೆ ಕಾವಲುಗಾರನ ಕೈಗೆ ಬರುತ್ತಿದ್ದ ಪಟ್ಟಿಯಲ್ಲಿದ್ದುದು ೨೦ ಮಾತ್ರ. ಹಿಂದಿನ ಪತ್ರಗಳಲ್ಲಿ ಇಪ್ಪತ್ತೊಂದನೆಯ ಅಂಶಕ್ಕೆ ‘ಏನಿದ್ದರೂ ಸರಿ’ ಎಂದು ಬರೆದಿದ್ದುದರಿಂದ ಅವನು ಅದನ್ನು ನೋಡುವ ಗೋಜಿಗೇ ಹೋಗಿರಲಿಲ್ಲ. ಪರೀಕ್ಷೆಗಳೆಲ್ಲ ಸುಗಮವಾಗಿ ನಡೆದಿದ್ದುವು. ಅಂದು ನಮ್ಮ ಗಡಿಯಾರದಲ್ಲಿ ಬೆಳಗ್ಗೆ ೯ ಗಂಟೆ ೩೯ ನಿಮಿಷಕ್ಕೆ ಹೊರಟ ಪತ್ರದಲ್ಲಿ ಇಪ್ಪತ್ತೊಂದನೆಯದನ್ನೂ ನೋಡಬೇಕೆಂದಿತ್ತು. ಕಾವಲುಗಾರನು ಪಟ್ಟಿಯ ಕಡೆಯ ಮನೆಯನ್ನು ದಾಟಿ, ಅಲ್ಲಿ ಏನಿತ್ತೋ ಅದನ್ನು ವಿಳಾಸವೆಂದು ನಂಬಿ ಹೊರಟನು. ಅಂಥ ವಿಳಾಸವಿರಲಿಲ್ಲ. ಯಂತ್ರವು ಕುಸಿಯಿತು. ಪತ್ರವನ್ನು ೭೮ ನಿಮಿಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ೮೫ ಲಕ್ಷ ಯಂತ್ರಗಳು ಅದರ ಬಾಧೆಗೆ ಸಿಕ್ಕಿದ್ದುವು. ಅನೇಕ ಯಂತ್ರಗಳು ಏಳುವುದು ಬೀಳುವುದು, ಮತ್ತೆ ಏಳುವುದು ಬೀಳುವುದು ಎಂಬಂತಾದುದರಿಂದ, ಮನುಷ್ಯರು ಒಂದೊಂದರ ಬಳಿಗೂ ಹೋಗಿ ಕೈಯಿಂದ ಸರಿಪಡಿಸಬೇಕಾಯಿತು. ‘ಪಟ್ಟಿಯಲ್ಲಿ ಎಷ್ಟಿವೆ?’ ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳಿದ್ದರೆ ಇಷ್ಟೆಲ್ಲ ತಪ್ಪುತ್ತಿತ್ತು. ಆಮೇಲೆ ಆ ಪ್ರಶ್ನೆಯನ್ನು ಸೇರಿಸಿದರು. ಪತ್ರವನ್ನು ಎಲ್ಲರಿಗೂ ಒಮ್ಮೆಗೇ ಕಳುಹಿಸದೆ ಹಂತಹಂತವಾಗಿ ಕಳುಹಿಸುವ ಕ್ರಮವನ್ನೂ ತಂದರು.

ಹಾಗಾದರೆ ಡ್ರೈವರನ್ನು ಬರೆಯುವವನು ಏನು ಮಾಡತಕ್ಕದ್ದು? ನನ್ನ ವಿದ್ಯಾರ್ಥಿಯು ಹೇಳಿದುದನ್ನು ನನ್ನ ಮಾತಿನಲ್ಲಿ ಹೇಳುವೆನು.

ಮೊದಲನೆಯದು: ಹಾಸಿಗೆ ಇದ್ದಷ್ಟು ಕಾಲು ಚಾಚು. ಪಾತ್ರೆಯನ್ನು ಯಾರ ಕೈಗೆ ಕೊಟ್ಟರೂ ಅದರ ಅಳತೆಯನ್ನೂ ಜೊತೆಯಲ್ಲಿಯೇ ಕೊಡಬೇಕು. ಸುರಿಯುವವನು ಪ್ರತಿಸಲವೂ ಅದನ್ನು ನೋಡಿಯೇ ಸುರಿಯಬೇಕು. ಹೆಚ್ಚಾದುದನ್ನು ಏನು ಮಾಡಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿರಬೇಕು. ಸಂಗೀತಸಾಧನದ ಹೆಸರಿನ ಬಾಲವನ್ನು ಕತ್ತರಿಸಿದರೆ ಹಾನಿಯಿಲ್ಲ. ಆದರೆ ಹಣದ ಮೊತ್ತದ ಬಾಲವನ್ನೋ ಔಷಧದ ಪ್ರಮಾಣದ ಬಾಲವನ್ನೋ ಕತ್ತರಿಸಿದರೆ ಅರ್ಥವೇ ಕೆಡುವುದು. ಅಂಥಲ್ಲಿ ಕತ್ತರಿಸದೆ, ‘ಸ್ವೀಕರಿಸಲಾರೆ’ ಎಂದು ಸ್ಪಷ್ಟವಾಗಿ ಹೇಳುವುದೇ ಧರ್ಮ.

ಎರಡನೆಯದು: ಸಾಧನವು ಹೇಳುವ ಉದ್ದವನ್ನು ನಂಬಬಾರದು. ‘ನಾನು ನೂರು ಅಕ್ಷರಗಳನ್ನು ಕಳುಹಿಸುತ್ತಿರುವೆನು’ ಎಂದು ಅದು ಹೇಳಿದರೆ, ಆ ನೂರು ಎಂಬುದೂ ಹೊರಗಿನಿಂದ ಬಂದ ಮಾತೇ ಅಲ್ಲವೆ? ಅದನ್ನು ತನ್ನ ಪಾತ್ರೆಯ ಅಳತೆಯೊಡನೆಯೂ ನಿಜವಾಗಿ ಬಂದುದರೊಡನೆಯೂ ಹೋಲಿಸಿಯೇ ಮುಂದುವರಿಯಬೇಕು. ಇಲ್ಲೊಂದು ಸೂಕ್ಷ್ಮವುಂಟು. ಕೆಲವು ಸಾಧನಗಳು ಯಂತ್ರದ ಸ್ಮೃತಿಯಲ್ಲಿ ತಾವೇ ನೇರವಾಗಿ ಬರೆಯಬಲ್ಲುವು. ಅಂಥಲ್ಲಿ ಉದ್ದವನ್ನು ಒಮ್ಮೆ ಪರೀಕ್ಷಿಸುವುದಕ್ಕೂ ಮತ್ತೊಮ್ಮೆ ನಕಲುಮಾಡುವುದಕ್ಕೂ ಎಂದು ಎರಡು ಸಲ ಓದಿದರೆ, ನಡುವೆ ಸಾಧನವು ಅದನ್ನು ಬದಲಾಯಿಸಿರಬಹುದು. ಆದುದರಿಂದ ಒಂದೇ ಸಲ ಓದಿ, ತನ್ನ ಪುಸ್ತಕದಲ್ಲಿ ಬರೆದುಕೊಂಡು, ಆ ಬರೆದುದನ್ನೇ ಪರೀಕ್ಷಿಸಿ ಉಪಯೋಗಿಸಬೇಕು. ಸಾಧನವು ಸ್ಮೃತಿಯ ಯಾವ ಭಾಗಕ್ಕೆ ಮಾತ್ರ ಕೈಯಿಡಬಹುದೆಂದು ಬೇಲಿಹಾಕುವ ವಿಶೇಷಯಂತ್ರಾಂಗವೂ ಅನೇಕ ಕಂಪ್ಯೂಟರುಗಳಲ್ಲಿ ಉಂಟು. ಆ ಬೇಲಿಯನ್ನು ಉಪಯೋಗಿಸಿಕೊಳ್ಳಬೇಕು.

ಮೂರನೆಯದು: ಕೂಡುವಿಕೆಯಲ್ಲಿ ಎಚ್ಚರ. ಒಂದು ಮನೆಯಲ್ಲಿ ಹಿಡಿಯುವ ಅತಿದೊಡ್ಡ ಅಂಕ ೨೫೫. ಅದಕ್ಕೆ ಒಂದನ್ನು ಕೂಡಿಸಿದರೆ ಮತ್ತೆ ಸೊನ್ನೆಯೇ ಬರುವುದು. ೮ ಅಕ್ಷರಗಳ ಪೀಠಿಕೆಗೆ ೨೫೦ ಅಕ್ಷರಗಳ ವಿಷಯವನ್ನು ಸೇರಿಸಿದರೆ ೨೫೮ ಆಗಬೇಕು. ಒಂದೇ ಮನೆಯಲ್ಲಿ ಲೆಕ್ಕಹಾಕಿದರೆ ೨ ಎಂದು ಉತ್ತರ ಬರುವುದು. ಆ ಉತ್ತರವನ್ನು ನಂಬಿ ಎರಡು ಮನೆಗಳ ಪಾತ್ರೆಯನ್ನು ತಂದಿಟ್ಟು ಇನ್ನೂರೈವತ್ತನ್ನು ಸುರಿಯುವವನ ಗತಿಯೇನು? ಅಳತೆಯನ್ನು ನೋಡಿದವನೂ ಅಳತೆಯ ಲೆಕ್ಕದಲ್ಲಿ ತಪ್ಪಿದರೆ ಕೆಡುವನು.

ನಾಲ್ಕನೆಯದು: ತನ್ನ ಎಚ್ಚರಿಕೆಯನ್ನೂ ಪೂರ್ತಿಯಾಗಿ ನಂಬಬಾರದು. ಹಿಂದೆ ಕಲ್ಲಿದ್ದಲ ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ವಿಷವಾಯುವಿದ್ದರೆ ಹಕ್ಕಿಯು ಮೊದಲು ಕುಸಿಯುವುದು, ಜನರು ಎಚ್ಚರಗೊಳ್ಳುವರು. ಅದೇ ಹೆಸರಿನಿಂದ, ಪಾತ್ರೆಯ ಅಂಚಿನ ಮುಂದೆ ಒಂದು ಗುಪ್ತಸಂಖ್ಯೆಯನ್ನಿಟ್ಟು ಅದು ಕೆಟ್ಟಿತೇ ಎಂದು ನೋಡುವ ಉಪಾಯವನ್ನು ೧೯೯೮ರಲ್ಲಿ ‘ಸ್ಟ್ಯಾಕ್‌ಗಾರ್ಡ್’ ಎಂಬುದು ತೋರಿಸಿಕೊಟ್ಟಿತು. ಅಲ್ಲದೆ ಅರ್ಥವಿಲ್ಲದ ಅಕ್ಷರರಾಶಿಗಳನ್ನು ಲಕ್ಷಗಟ್ಟಲೆ ಸುರಿದು ಡ್ರೈವರು ಎಲ್ಲಿ ಎಡವುವುದೆಂದು ಪರೀಕ್ಷಿಸುವ ಪ್ರೋಗ್ರಾಮುಗಳೂ ಉಂಟು. ಲೈನಕ್ಸಿಗಾಗಿ ಗೂಗಲ್ ಸಂಸ್ಥೆಯವರು ರಚಿಸಿದ ‘ಸಿಜ್‌ಕಾಲರ್’ ಎಂಬುದು ಅವುಗಳಲ್ಲೊಂದು. ಸುಲಭವಾದ ಪ್ರಶ್ನೆಗಳನ್ನೇ ಕೇಳುವ ಪರೀಕ್ಷಕನಿಂದ ವಿದ್ಯಾರ್ಥಿಯ ದೌರ್ಬಲ್ಯವು ತಿಳಿಯದೆಂಬುದನ್ನು ಉಪಾಧ್ಯಾಯರಿಗೆ ಹೇಳಬೇಕಾದುದಿಲ್ಲ.

ಐದನೆಯದು: ಭಾಷೆಯನ್ನೇ ಬದಲಾಯಿಸುವುದು. ೨೦೧೫ರಲ್ಲಿ ಮೊದಲ ಸ್ಥಿರರೂಪವನ್ನು ಹೊಂದಿದ ‘ರಸ್ಟ್’ ಎಂಬ ಭಾಷೆಯು ಪಾತ್ರೆಯೊಡನೆ ಅದರ ಅಳತೆಯನ್ನೂ ಕಟ್ಟಿಯೇ ಇಡುವುದು. ಎಲ್ಲೆ ಮೀರಿದರೆ ನೆರೆಮನೆಯನ್ನು ಮುಟ್ಟಗೊಡದೆ ಅಲ್ಲಿಯೇ ನಿಲ್ಲಿಸುವುದು. ೨೦೨೨ರ ಡಿಸೆಂಬರಿನಲ್ಲಿ ಹೊರಬಂದ ಲೈನಕ್ಸಿನ ೬.೧ನೆಯ ಆವೃತ್ತಿಯಲ್ಲಿ ಈ ಭಾಷೆಗೆ ಗರ್ಭಗುಡಿಯೊಳಗೆ ಪ್ರವೇಶವು ದೊರೆಯಿತು. ಆಂಡ್ರಾಯ್ಡ್ ಫೋನುಗಳ ವ್ಯವಸ್ಥೆಯಲ್ಲಿ ಕಂಡುಬಂದ ಭದ್ರತಾದೋಷಗಳಲ್ಲಿ ಸ್ಮೃತಿಸಂಬಂಧವಾದುವು ೨೦೧೯ರಲ್ಲಿ ನೂರಕ್ಕೆ ೭೬ ಇದ್ದು, ಹೊಸ ಬರವಣಿಗೆಯನ್ನು ಇಂಥ ಭಾಷೆಗಳಲ್ಲಿ ಮಾಡುತ್ತ ಬಂದುದರಿಂದ, ೨೦೨೪ರಲ್ಲಿ ನೂರಕ್ಕೆ ೨೪ಕ್ಕೆ ಇಳಿದುವೆಂದು ಗೂಗಲ್ ಸಂಸ್ಥೆಯು ಪ್ರಕಟಿಸಿದೆ. ಆದರೂ ಯಂತ್ರಾಂಗವನ್ನು ಮುಟ್ಟುವ ಕಡೆ ಈ ಭಾಷೆಯಲ್ಲಿಯೂ ‘ಇಲ್ಲಿಂದ ಮುಂದೆ ಹೊಣೆ ನನ್ನದು’ ಎಂದು ಬರೆದುಕೊಂಡೇ ಮುಟ್ಟಬೇಕಾಗುವುದು. ಹೊಣೆಯು ಇಲ್ಲವಾಗುವುದಿಲ್ಲ, ಅದು ಎಲ್ಲಿದೆಯೆಂಬುದು ಕಣ್ಣಿಗೆ ಕಾಣುವಂತಾಗುವುದು.

ಗೃಹಸ್ಥರಾದ ನಮಗೆ ಇದರಿಂದ ತಿಳಿಯಬೇಕಾದುದೇನು? ಫೋನೂ ಕಂಪ್ಯೂಟರೂ ‘ಹೊಸ ಆವೃತ್ತಿ ಬಂದಿದೆ’ ಎಂದಾಗ ಬೇಸರದಿಂದ ಮುಂದೂಡದೆ ಅದನ್ನು ಸ್ವೀಕರಿಸಬೇಕು. ಇಂಥ ಎಷ್ಟೋ ಪಾತ್ರೆಗಳ ದುರಸ್ತಿಯು ಅದರಲ್ಲಿ ಅಡಗಿರುವುದು. ದಾರಿಯಲ್ಲಿ ಸಿಕ್ಕಿದ, ಯಾರೋ ಕೊಟ್ಟ ಯು.ಎಸ್.ಬಿ. ಸಾಧನವನ್ನು ಕುತೂಹಲದಿಂದ ತಗುಲಿಸಬಾರದು. ಅದು ಹೇಳುವ ಹೆಸರು ಎಷ್ಟುದ್ದವೋ ಬಲ್ಲವರಾರು? ಅಗ್ಗದ ಕ್ಯಾಮರ ಮೊದಲಾದುವನ್ನು ಕೊಳ್ಳುವಾಗ, ಮಾರಿದ ಮೇಲೆಯೂ ಅವುಗಳ ದೋಷಗಳನ್ನು ತಿದ್ದಿಕೊಡುವವರು ಇರುವರೇ ಎಂದು ವಿಚಾರಿಸಬೇಕು.

ಸಂಸ್ಕೃತದಲ್ಲಿ ‘ಪಾತ್ರ’ವೆಂದರೆ ಪಾತ್ರೆಯೂ ಹೌದು, ದಾನಕ್ಕೆ ಯೋಗ್ಯನಾದವನೂ ಹೌದು. ‘ಮರ್ಯಾದಾ’ ಎಂದರೆ ಮೊದಲಿಗೆ ಎಲ್ಲೆ, ದಡ. ಗೌರವವೆಂಬ ಅರ್ಥವು ನಮ್ಮ ಭಾಷೆಯಲ್ಲಿ ಅದಕ್ಕೆ ಆಮೇಲೆ ಬಂದುದು. ಎಲ್ಲೆಯನ್ನು ಕಾಯುವುದೇ ಗೌರವವೆಂದು ಹಿಂದೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನು. ಆದರೆ ಎಲ್ಲೆಯನ್ನು ಕಾಯಬೇಕಾದವನು ಸುರಿಸಿಕೊಳ್ಳುವವನು. ಸುರಿಯುವವನು ಸಣ್ಣದಾಗಿ ಬರಲಿ ಎಂದು ಅವನು ನಿರೀಕ್ಷಿಸಬಾರದು.

ನನ್ನ ವಿದ್ಯಾರ್ಥಿಯು ಹೊರಡುವಾಗ, ತಾನು ಬರೆದ ಪ್ರತಿಯೊಂದು ಡ್ರೈವರನ್ನೂ ಮೊದಲು ಒಂದು ಬಹಳ ಉದ್ದವಾದ ಹೆಸರಿನಿಂದ ಪರೀಕ್ಷಿಸುವುದಾಗಿ ಹೇಳಿದನು. ಯಾವ ಹೆಸರಿನಿಂದ ಎಂದು ಕೇಳಿದೆನು. ಅವನು ಅದೇ ಹುಡುಗಿಯ ಸಹಪಾಠಿ. ಆ ವರ್ಷ ನಡೆದುದನ್ನು ಬಲ್ಲವನು. ಅವನು ಹೇಳಿದ ಹೆಸರಿನ ಅಕ್ಷರಗಳನ್ನು ನಾನು ಎಣಿಸಿದೆನು. ಇಪ್ಪತ್ತಮೂರು.